ಮನೆ ಮಾರುವಾಗ ಫ್ರಿಜ್ಜು ಯಾರ ಪಾಲಿಗೆ?

ಮೂರು ಸಲ ಮನೆ ಮಾರಿ ಬೇರೆ ಮನೆ ಸೇರಿದವಳು ನಾನು. ಮೊದಲನೇ ಸಲ ಎಲ್ಲವನ್ನೂ ಹೊತ್ತುಕೊಂಡು ಹೋದೆ, ಎರಡನೇ ಸಲ ಸಿಟ್ಟಿಗೆ ಎಲ್ಲವನ್ನೂ ಬಿಟ್ಟುಬಂದೆ. ಎರಡೂ ತಪ್ಪೇ. ಮೂರನೇ ಸಲಕ್ಕೆ ಸ್ವಲ್ಪ ಬುದ್ಧಿ ಬಂದಿತ್ತು. ಈಗ ನಮ್ಮ ಹುಡುಗರು ಯಾರಾದರೂ ಮನೆ ಮಾರುವವರಿದ್ದರೆ, "ದೊಡ್ಡಮ್ಮ, ಏನೇನು ತಗೊಂಡು ಹೋಗಲಿ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಮನೆ ನೋಡೋಕೆ ಜನ ಬರ್ತಿದಾರಾ, ಇನ್ನೂ ಇಲ್ವಾ?"

ಇನ್ನೂ ಬಂದಿಲ್ಲ ಅಂದರೆ ಕಾಲ ಮಿಂಚಿಲ್ಲ. ಯಾವುದು ನಿಮ್ಮ ಜೊತೆ ಬರುತ್ತದೆ, ಯಾವುದು ಮನೆಯಲ್ಲೇ ಉಳಿಯುತ್ತದೆ ಅನ್ನುವುದು ಮನೆ ತೋರಿಸುವ ಮೊದಲೇ ತೀರ್ಮಾನವಾಗಬೇಕು. ನೋಡಲು ಬಂದವರು ಬಾಗಿಲು ದಾಟುವಷ್ಟರಲ್ಲಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಮನಸ್ಸಿನಲ್ಲೇ ತಮ್ಮದು ಮಾಡಿಕೊಂಡಿರುತ್ತಾರೆ. ನಮ್ಮ ಮೊದಲ ಮನೆಯಲ್ಲಿ ಅಡುಗೆಕಟ್ಟೆಯ ಕೆಳಗೆ ಪಾತ್ರೆ ತೊಳೆಯುವ ಮೆಷಿನ್ನು ಕೂರಿಸಿದ್ದೆವು, ಅದರ ಮುಂದೆ ಕಪಾಟುಗಳದ್ದೇ ಬಣ್ಣದ ಬಾಗಿಲು. ದುಡ್ಡು ಕೊಟ್ಟವರು ನಾವು, ನಮ್ಮದೇ ತಾನೆ ಅಂತ ಹೊರಡುವಾಗ ಎಳೆದು ಲಾರಿಗೆ ಹಾಕಿಸಿದೆವು. ಬೀಗದ ಕೈ ಕೊಡುವ ದಿನ ಕೊಂಡವರು ಬಂದು ನೋಡಿದರೆ, ಹಲ್ಲು ಬಿದ್ದ ಜಾಗದ ಹಾಗೆ ಒಂದು ಕಪ್ಪು ಗೂಡು, ಒಳಗೆ ನೇತಾಡುವ ನೀರಿನ ಪೈಪು. "ಅದೂ ಸೇರಿ ಅಂತಲ್ವಾ ನಾವು ಒಪ್ಪಿದ್ದು?" ಅಂದರು. ಮಾತಿಗೆ ಮಾತು ಬೆಳೆಯಿತು. ಹೊಸ ಮನೆಗೆ ಬಂದು ನೋಡಿದರೆ ಅಲ್ಲಿನ ಕಟ್ಟೆ ಎರಡು ಬೆರಳು ತಗ್ಗು. ಮೆಷಿನ್ನು ಒಳಗೆ ಹೋಗಲೇ ಇಲ್ಲ. ಎರಡು ವರ್ಷ ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿತ್ತು.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ. ಪ್ಲಗ್ ಕಿತ್ತು ಎತ್ತಿಕೊಂಡು ಹೋಗಬಹುದಾದದ್ದು ಮನೆಯವರದು. ಸ್ಕ್ರೂ ಬಿಚ್ಚಿ, ಪೈಪು ಕಳಚಿ, ಗೋಡೆಯಲ್ಲಿ ತೂತು ಉಳಿಸಿ ಹೋಗಬೇಕಾದದ್ದು ಮನೆಯದು. ಇದು ಕಾನೂನಲ್ಲ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಕೊನೆಗೆ ನಿಲ್ಲುವುದು ಕರಾರಿನಲ್ಲಿ ಬರೆದದ್ದು. ಆದರೆ ಬರೆಯಲು ಕೂರುವ ಮೊದಲು ಎಲ್ಲಿಂದ ಶುರುಮಾಡಬೇಕು ಅನ್ನುವುದಕ್ಕೆ ಈ ಲೆಕ್ಕ ಸಾಕು. ಗೋಡೆಗೆ ಬಿಗಿದದ್ದರಲ್ಲೇ ಯಾವುದಾದರೂ ನಿಮ್ಮ ಪ್ರೀತಿಯ ವಸ್ತುವಿದ್ದರೆ, ಆಸೆಪಟ್ಟು ತಂದ ಫ್ಯಾನೋ ದೀಪವೋ, ಅದನ್ನು ಮೊದಲೇ ಬಿಚ್ಚಿ ಆ ಜಾಗಕ್ಕೆ ಸಾಧಾರಣದ್ದೊಂದನ್ನು ಹಾಕಿಬಿಡಿ. ನೋಡದೇ ಇದ್ದದ್ದನ್ನು ಯಾರೂ ಕೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ಎಸಿ. ಒಳಗೊಂದು ಹೊರಗೊಂದು ಇರುವ ಸ್ಪ್ಲಿಟ್ ಎಸಿಯನ್ನು ಬಿಚ್ಚುವುದೆಂದರೆ ಬರೀ ನಟ್ಟು ತಿರುಗಿಸುವ ಕೆಲಸವಲ್ಲ. ಮೊದಲು ಸಣ್ಣ ತಾಮ್ರದ ಪೈಪಿನ ವಾಲ್ವ್ ಮುಚ್ಚಿ, ಮೆಷಿನ್ನು ಓಡಿಸಿ, ಗ್ಯಾಸನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಎಳೆದು, ಆಮೇಲೆ ದೊಡ್ಡ ಪೈಪಿನ ವಾಲ್ವ್ ಮುಚ್ಚಬೇಕು. ಅವಸರದ ಕೆಲಸಗಾರ ಇದನ್ನು ಮಾಡದೆ ನೇರ ಪೈಪಿಗೆ ಕೈಹಾಕಿದರೆ ಬುಸ್ಸನೆ ಗ್ಯಾಸು ಗಾಳಿಪಾಲು. ಹೊಸ ಮನೆಯಲ್ಲಿ ಜೋಡಿಸುವಾಗಲೂ ಪೈಪಿನೊಳಗಿನ ಗಾಳಿ, ತೇವಗಳನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಪಂಪು ತರದೆ ಬಂದವನನ್ನು ನಾನಂತೂ ಬಾಗಿಲಿಂದಲೇ ವಾಪಸು ಕಳಿಸುತ್ತೇನೆ. ಹಳೇ ಪೈಪು ಹೊಸ ಗೋಡೆಗೆ ಉದ್ದ ಸಾಲುವುದು ಅಪರೂಪ, ಒಮ್ಮೆ ಬಗ್ಗಿಸಿದ ತಾಮ್ರವನ್ನು ಮತ್ತೆ ನೆಟ್ಟಗೆ ಮಾಡಹೋದರೆ ಮಡಿಕೆ ಬೀಳುತ್ತದೆ. ಬಿಚ್ಚುವ ಕೂಲಿ, ಜೋಡಿಸುವ ಕೂಲಿ, ಹೊಸ ಪೈಪು, ಕೊರತೆ ಬಿದ್ದ ಗ್ಯಾಸು, ಎಲ್ಲ ಕೂಡಿಸಿ ನೋಡಿ. ಎರಡು ಮೂರು ವರ್ಷದ ಹೊಸ ಮೆಷಿನ್ನಾದರೆ ಲೆಕ್ಕ ಗಿಟ್ಟೀತು. ಹಳೆಯದರ ಹಿಂದಿನ ಚೀಟಿಯಲ್ಲಿ ಆರ್-22 ಅಂತಿದ್ದರೆ ಬಿಟ್ಟುಬಿಡಿ. ಓಜೋನ್ ಪದರಕ್ಕೆ ಕೆಡುಕು ಅಂತ ಮಾಂಟ್ರಿಯಲ್ ಒಪ್ಪಂದದಡಿ ಆ ಗ್ಯಾಸನ್ನು ಜಗತ್ತಿನಾದ್ಯಂತ ಹಂತಹಂತವಾಗಿ ನಿಲ್ಲಿಸುತ್ತಿದ್ದಾರೆ. ಅದರ ಬದಲು ಆರ್-32 ಅಥವಾ ಆರ್-410ಎ ತುಂಬುತ್ತೇವೆ ಅಂದರೆ ನಂಬಬೇಡಿ, ಆ ಮೆಷಿನ್ನು ಅದಕ್ಕೆ ಮಾಡಿದ್ದಲ್ಲ.

ಫ್ರಿಜ್ಜಿನ ವಿಷಯದಲ್ಲಿ ಮೊದಲು ಬೇಕಾದದ್ದು ಅಳತೆ ಟೇಪು. ಎತ್ತರ, ಅಗಲ, ಆಳ ಬರೆದುಕೊಂಡರೆ ಸಾಲದು, ಬಾಗಿಲು ಪೂರ್ತಿ ತೆರೆದಾಗ ಎಷ್ಟು ಜಾಗ ಬೇಕು ಅನ್ನುವುದನ್ನೂ ಅಳೆಯಿರಿ. ಹೊಸ ಮನೆಯ ಬಾಗಿಲು, ಮೆಟ್ಟಿಲ ತಿರುವು, ಲಿಫ್ಟು ಇವನ್ನೂ ಅಳೆದು ಬನ್ನಿ. ಫ್ರಿಜ್ಜು ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಬಾಳುತ್ತದೆ. ಆಗಲೇ ಹತ್ತು ದಾಟಿದ್ದನ್ನು ಹೊತ್ತು ಸಾಗಿಸಿ, ಅಲ್ಲಿ ಅದು ಕೈಕೊಟ್ಟು, ಮತ್ತೆ ಹೊಸದು ತರುವುದರಲ್ಲಿ ಅರ್ಥವಿಲ್ಲ. ತಗೊಂಡು ಹೋಗುವುದೇ ಆದರೆ ಹಿಂದಿನ ದಿನವೇ ಆರಿಸಿ, ಐಸು ತಾನಾಗಿ ಕರಗಲಿ. ಚಾಕುವಿನಿಂದ ಕೆರೆಯಬೇಡಿ, ಒಳಗಿನ ಸಣ್ಣ ನಳಿಕೆಗೆ ಒಂದು ತೂತು ಬಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಲಾರಿಯಲ್ಲಿ ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪುಗಳಿಗೆ ಹರಿದುಹೋಗುತ್ತದೆ. ದಾರಿಯಿಲ್ಲದೆ ಮಲಗಿಸಬೇಕಾಗಿ ಬಂದರೆ, ಇಳಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ನಿಲ್ಲಿಸಿ ಆಮೇಲೆ ಸ್ವಿಚ್ಚು ಹಾಕಿ.

ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮುಂದೆ ಬಾಗಿಲಿರುವ ಮೆಷಿನ್ನಿನ ಡ್ರಮ್ಮು ಒಳಗೆ ಸ್ಪ್ರಿಂಗಿಗೆ ನೇತುಬಿದ್ದಿರುತ್ತದೆ, ಅದಕ್ಕೆ ಕಾಂಕ್ರೀಟಿನ ಭಾರವನ್ನೂ ಬಿಗಿದಿರುತ್ತಾರೆ. ಹೊಸದಾಗಿ ಬರುವಾಗ ಈ ಡ್ರಮ್ಮು ಅಲುಗಾಡದಂತೆ ಬೆನ್ನಿನಿಂದ ಮೂರೋ ನಾಲ್ಕೋ ಉದ್ದನೆಯ ಬೋಲ್ಟು ಹಾಕಿರುತ್ತಾರೆ. ಕೂರಿಸಲು ಬಂದವನು ಅವನ್ನು ಬಿಚ್ಚಿ ಕೈಗೆ ಕೊಡುತ್ತಾನೆ. ನಮ್ಮ ಯಜಮಾನರು ಅವನ್ನು ಹಳೇ ಕಬ್ಬಿಣದ ಜೊತೆ ಗುಜರಿಗೆ ಹಾಕಿದ್ದರು. ಬೋಲ್ಟಿಲ್ಲದೆ ಲಾರಿಯಲ್ಲಿ ಕುಲುಕಿದ ಮೆಷಿನ್ನು ಹೊಸ ಮನೆಯಲ್ಲಿ ಹಿಂಡಲು ಶುರುಮಾಡಿದ ಕೂಡಲೇ ದಡದಡ ಅಂತ ಸದ್ದು ಮಾಡುತ್ತಾ ಗೋಡೆಯಿಂದ ಒಂದು ಮೊಳ ಮುಂದಕ್ಕೆ ನಡೆದು ಬಂತು. ಸ್ಪ್ರಿಂಗೊಂದು ಕಳಚಿತ್ತು. ಈಗ ಆ ಬೋಲ್ಟುಗಳು ಒಂದು ಡಬ್ಬಿಯಲ್ಲಿ, ಡಬ್ಬಿ ಮೆಷಿನ್ನಿನ ಹಿಂದೆಯೇ. ಹೊರಡುವ ಮುನ್ನ ಕೆಳಗಿನ ಫಿಲ್ಟರಿನ ಮುಚ್ಚಳ ಬಿಚ್ಚಿ ನೀರು ಬಸಿಯುವುದನ್ನೂ ಮರೆಯಬೇಡಿ, ಕೆಳಗೊಂದು ಅಗಲದ ತಟ್ಟೆ ಇಟ್ಟುಕೊಂಡೇ ಬಿಚ್ಚಿ.

ಗೀಸರು ಬಿಟ್ಟು ಹೋಗಿ. ಒಳಗೆ ಸುಣ್ಣ ಕಟ್ಟಿದ ಹಳೇ ತೊಟ್ಟಿಯ ಜೋಡಣೆ ಒಮ್ಮೆ ಸಡಿಲಿಸಿದರೆ ಮತ್ತೆ ಸೋರದೆ ಕೂರುವುದು ಕಷ್ಟ. ಕೊಂಡವರಿಗೂ ಬಂದ ಮೊದಲ ದಿನ ಬಿಸಿನೀರು ಬೇಕು. ಚಿಮಣಿ, ಕಟ್ಟೆಯೊಳಗೆ ಕೂರಿಸಿದ ಒಲೆ ಇವೂ ಅಷ್ಟೇ, ಕಟ್ಟೆಯ ಕಲ್ಲು ಕೊಯ್ದ ಅಳತೆ ಆ ಒಲೆಗೆ ಮಾತ್ರ ಸರಿ. ಕಟ್ಟೆಯ ಮೇಲೆ ಇಡುವ ಒಲೆಯಾದರೆ ಜೊತೆಗಿರಲಿ. ಆದರೆ ಸಿಲಿಂಡರ್ ಬಿಟ್ಟು ಪೈಪಿನ ಗ್ಯಾಸಿರುವ ಮನೆಗೆ ಹೋಗುವವರು ಬರ್ನರಿನ ಜೆಟ್ಟು ಬದಲಿಸದೆ ಹಚ್ಚಬೇಡಿ, ಎರಡು ಗ್ಯಾಸಿಗೂ ಜೆಟ್ಟಿನ ತೂತು ಒಂದೇ ಅಳತೆಯದಲ್ಲ. ನೀರು ಶುದ್ಧ ಮಾಡುವ ಯಂತ್ರವನ್ನು ಕೀಳುವ ಮುನ್ನ ಹೊಸ ಮನೆಯ ನೀರು ಪರೀಕ್ಷೆ ಮಾಡಿಸಿ. ಗಡಸು ನೀರಿಗೆ ತಂದ ಆರ್‌ಒ, ಮೆದು ನೀರಿಗೆ ಬೇಕಾಗದೇ ಹೋಗಬಹುದು. ಇನ್ವರ್ಟರಿನ ನೀರು ತುಂಬುವ ಬ್ಯಾಟರಿ ನಿಂತೇ ಹೋಗಬೇಕು, ವಾಲಿದರೆ ಆಸಿಡ್ ಚೆಲ್ಲುತ್ತದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೀವಿ ಇವಕ್ಕೆ ಯಾರನ್ನೂ ಕೇಳಬೇಕಿಲ್ಲ. ಟೀವಿಯ ಗೋಡೆ ಕಬ್ಬಿಣವನ್ನು ಮಾತ್ರ ಏನು ಮಾಡುತ್ತೀರಿ ಅಂತ ಹೇಳಿಬಿಡಿ. ಜಗಳ ಇಂಥ ಚಿಲ್ಲರೆಗೇ ಆಗುವುದು. ದೇಶ ಬಿಟ್ಟು ಹೋಗುವವರು ಮೆಷಿನ್ನಿನ ಹಿಂದಿನ ವೋಲ್ಟೇಜು ನೋಡಿ. 230 ವೋಲ್ಟಿನದು 120 ವೋಲ್ಟಿನ ದೇಶದಲ್ಲಿ ಹೊರೆಯಷ್ಟೇ.

ಬಿಟ್ಟು ಹೋಗುವುದು ದೊಡ್ಡತನ ಅಂದುಕೊಳ್ಳಬೇಡಿ. ಎರಡನೇ ಮನೆಯಲ್ಲಿ ನಾನು ಬಿಟ್ಟುಬಂದ ಹಳೇ ಫ್ರಿಜ್ಜಿನ ಬಗ್ಗೆ ವಾರದೊಳಗೆ ಫೋನು ಬಂತು. ನಾನು ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡರೆ, "ಇದನ್ನ ಯಾವಾಗ ತೆಗೆಸ್ತೀರಿ?" ಅಂದರು. ಅವರಿಗೆ ಬೇಕಾ ಅಂತ ಕೇಳಿ, ಬೇಕು ಅಂದರೆ ಮಾತ್ರ ಬಿಡಿ. ಯಾವುದಕ್ಕೆ ಏನು ಕಾಯಿಲೆ ಇದೆ ಅನ್ನುವುದನ್ನೂ ಮುಚ್ಚಿಡಬೇಡಿ. "ಗೀಸರಿನ ಕೆಂಪು ದೀಪ ಹತ್ತಲ್ಲ, ನೀರು ಕಾಯುತ್ತೆ" ಅಂತ ಹೇಳಿದರೆ ಅವರೂ ನಗುತ್ತಾ ಒಪ್ಪಿಕೊಳ್ಳುತ್ತಾರೆ.

ಒಪ್ಪಿದ್ದನ್ನು ಕೋಣೆಕೋಣೆಯಾಗಿ ಬರೆದು ಕರಾರಿಗೆ ಸೇರಿಸಿ. "ಅಡುಗೆಮನೆಯ ಸಾಮಾನು" ಅಂತ ಬರೆದರೆ ಏನೂ ಬರೆದ ಹಾಗಲ್ಲ. ಕಂಪನಿ, ಮಾಡೆಲ್ಲು, ಸಂಖ್ಯೆ ಬರೆಯಿರಿ, ಇಲ್ಲವಾದರೆ ಹೊಸದನ್ನು ತೋರಿಸಿ ಹಳೆಯದನ್ನು ಇಟ್ಟುಹೋದರು ಅನ್ನುವ ಮಾತು ಕೇಳಬೇಕಾದೀತು. ಇಬ್ಬರೂ ಸಹಿ ಹಾಕಿದ ಮೇಲೆ ಒಂದೊಂದರದ್ದೂ ಫೋಟೋ ತೆಗೆದಿಡಿ. ಬೀಗದ ಕೈ ಕೊಡುವ ದಿನ ಅವರ ಎದುರಿಗೇ ಪ್ರತಿಯೊಂದನ್ನೂ ಓಡಿಸಿ ತೋರಿಸಿ. ಬಿಲ್ಲು, ಗ್ಯಾರಂಟಿ ಕಾರ್ಡು, ಪುಸ್ತಕ, ರಿಮೋಟು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಅಡುಗೆಮನೆಯ ಮೇಲಿನ ಡ್ರಾಯರಿನಲ್ಲಿಡಿ.

ಇಷ್ಟೆಲ್ಲ ಪಾಠ ಹೇಳುವ ನಾನು ಮೂರನೇ ಮನೆ ಬಿಟ್ಟ ರಾತ್ರಿ ಕನ್ನಡಕ ಹುಡುಕುತ್ತಾ ಕೈಚೀಲ ಸುರುವಿದರೆ, ಎಸಿ ರಿಮೋಟು ಉರುಳಿ ಬಿತ್ತು. ಬೆಳಗಾಗುತ್ತಲೇ ಹೋಗಿ ಕೊಟ್ಟುಬಂದೆ.