ಸಕ್ಕರೆ ಸರಿಯಿದೆ, ಇನ್ಸುಲಿನ್? ರಕ್ತ ಪರೀಕ್ಷೆಯ ವರದಿಯನ್ನು ಓದುವ ಕ್ರಮ

ಖಾಲಿ ಹೊಟ್ಟೆಯ ಸಕ್ಕರೆ 96 ಎಂದು ವರದಿಯಲ್ಲಿ ಕಂಡ ಕೂಡಲೇ ಹೆಚ್ಚಿನವರು ನಿರಾಳರಾಗಿ ಹಾಳೆಯನ್ನು ಮಡಚಿಡುತ್ತಾರೆ. ಆ ಮಟ್ಟವನ್ನು ಕಾಯ್ದುಕೊಳ್ಳಲು ಮೇದೋಜೀರಕ ಗ್ರಂಥಿ ಎಷ್ಟು ಇನ್ಸುಲಿನ್ ಸ್ರವಿಸಬೇಕಾಯಿತು ಎಂಬುದು ಮಾತ್ರ ಆ ಅಂಕಿಯಿಂದ ತಿಳಿಯುವುದಿಲ್ಲ. ಸ್ನಾಯು, ಯಕೃತ್ತು ಮತ್ತು ಕೊಬ್ಬಿನ ಜೀವಕೋಶಗಳು ಇನ್ಸುಲಿನ್‌ಗೆ ಮೊದಲಿನಂತೆ ಸ್ಪಂದಿಸದೇ ಹೋದಾಗ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಸುರಿಸಿ ಆ ಕೊರತೆಯನ್ನು ತುಂಬುತ್ತದೆ. ಹೀಗೆ ವರ್ಷಗಟ್ಟಲೆ ನಡೆಯಬಹುದು, ಅಷ್ಟೂ ಕಾಲ ಸಕ್ಕರೆ ಸಹಜವಾಗಿಯೇ ಕಾಣಬಹುದು. ಇದೇ ಇನ್ಸುಲಿನ್ ಪ್ರತಿರೋಧ. ಸಕ್ಕರೆ ಏರುವ ಮೊದಲೇ ಇದರ ಗುರುತುಗಳು ದೇಹದ ಬೇರೆ ಅಂಕಿಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಮೊದಲು ಅಳತೆಯ ಟೇಪು ತೆಗೆದುಕೊಳ್ಳಿ. ಪಕ್ಕೆಲುಬಿನ ಕೊನೆಯ ಅಂಚು ಮತ್ತು ಸೊಂಟದ ಮೂಳೆಯ ಮೇಲಿನ ಅಂಚನ್ನು ಬೆರಳಿನಿಂದ ಗುರುತಿಸಿ, ಅವೆರಡರ ನಡುಮಧ್ಯದಲ್ಲಿ, ಬರಿ ಚರ್ಮದ ಮೇಲೆ, ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳತೆ ಓದಿ. ದಕ್ಷಿಣ ಏಷ್ಯಾ ಮೂಲದ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಮಿತಿಯಾದರೆ, ಯುರೋಪ್ ಮೂಲದ ಪುರುಷರಿಗೆ ಅದು 94 ಸೆಂ.ಮೀ.

ಈ ಅಳತೆಗೆ ಇಷ್ಟು ಮಹತ್ವ ಏಕೆಂದರೆ, ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂತಿರುವ ಸಂಗ್ರಹವಲ್ಲ, ಅದೂ ಹಾರ್ಮೋನು ಸ್ರವಿಸುತ್ತದೆ. ಹಸಿವನ್ನು ತಗ್ಗಿಸುವ ಲೆಪ್ಟಿನ್ 1994ರಲ್ಲಿ ಪತ್ತೆಯಾಗಿದ್ದು ಕೊಬ್ಬಿನ ಜೀವಕೋಶದಲ್ಲೇ. ಕೊಬ್ಬು ಹೆಚ್ಚಿದಂತೆ ಲೆಪ್ಟಿನ್ ಏರುತ್ತದೆ, ಆದರೆ ಮೆದುಳು ಅದಕ್ಕೆ ಕಿವಿಗೊಡುವುದನ್ನು ಕಡಿಮೆ ಮಾಡುತ್ತದೆ. ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಮಾತ್ರ ಕೊಬ್ಬು ಹೆಚ್ಚಿದಷ್ಟೂ ಇಳಿಯುತ್ತದೆ. ತೂಕ ಇಳಿಸಲಾಗದವರನ್ನು ಮನೋಬಲವಿಲ್ಲದವರೆಂದು ದೂರುವುದು ಎಷ್ಟು ಅನ್ಯಾಯ ಎಂಬುದು ಇದನ್ನು ತಿಳಿದವರಿಗೆ ಅರ್ಥವಾಗುತ್ತದೆ.

ಎರಡನೆಯದಾಗಿ, ಉಳಿದ ನಾಲ್ಕು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ: ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 150 ಅಥವಾ ಹೆಚ್ಚು; ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕಡಿಮೆ; ರಕ್ತದೊತ್ತಡದಲ್ಲಿ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿರುವುದು; ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು. ಇವುಗಳಿಗೆ ಔಷಧಿ ಸೇವಿಸುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೊಂಟದ ಅಳತೆಯೂ ಸೇರಿ ಐದರಲ್ಲಿ ಮೂರು ಮಿತಿ ದಾಟಿದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಇವು ಬಿಡಿಬಿಡಿ ತೊಂದರೆಗಳಲ್ಲ, ಇವುಗಳ ಬೇರಿನಲ್ಲಿ ಇನ್ಸುಲಿನ್ ಪ್ರತಿರೋಧವಿದೆ ಎಂದು 1988ರಲ್ಲಿ ವಾದಿಸಿದವರು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್.

ಯಕೃತ್ತಿನಲ್ಲಿ ನಡೆಯುವುದನ್ನು ಸ್ವಲ್ಪ ನಿಂತು ನೋಡಬೇಕು. ಇನ್ಸುಲಿನ್ ಅಲ್ಲಿ ಎರಡು ಆದೇಶ ಕೊಡುತ್ತದೆ: ಸಕ್ಕರೆ ತಯಾರಿಸುವುದನ್ನು ನಿಲ್ಲಿಸು, ಕೊಬ್ಬು ತಯಾರಿಸು. ಪ್ರತಿರೋಧ ಬೆಳೆದ ಯಕೃತ್ತು ಮೊದಲನೆಯದನ್ನು ಪಾಲಿಸುವುದಿಲ್ಲ, ಎರಡನೆಯದನ್ನು ಪಾಲಿಸುತ್ತಲೇ ಇರುತ್ತದೆ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಷ್ಟೂ ಕೊಬ್ಬಿನ ತಯಾರಿಕೆ ಹೆಚ್ಚುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಅದರ ಬೆನ್ನಿಗೇ ಎಚ್‌ಡಿಎಲ್ ಇಳಿಯುತ್ತದೆ. ರಕ್ತದೊತ್ತಡಕ್ಕೂ ಇದಕ್ಕೂ ನಂಟಿದೆ, ಏಕೆಂದರೆ ಇನ್ಸುಲಿನ್ ಮೂತ್ರಪಿಂಡಗಳು ಸೋಡಿಯಂ ಉಳಿಸಿಕೊಳ್ಳುವಂತೆ ಮಾಡುತ್ತದೆ.

ಮೂರನೆಯದು ಚಿಕ್ಕ ಲೆಕ್ಕ. ವೈದ್ಯರು ಖಾಲಿ ಹೊಟ್ಟೆಯ ಇನ್ಸುಲಿನ್ ಪರೀಕ್ಷೆಯನ್ನೂ ಬರೆದುಕೊಟ್ಟಿದ್ದರೆ, ಒಂದೇ ಸಲ ತೆಗೆದ ರಕ್ತದ ಸಕ್ಕರೆಯನ್ನು (ಮಿಲಿಗ್ರಾಂ ಲೆಕ್ಕದಲ್ಲಿ) ಇನ್ಸುಲಿನ್‌ನಿಂದ (ಮೈಕ್ರೋಯುನಿಟ್ ಲೆಕ್ಕದಲ್ಲಿ) ಗುಣಿಸಿ 405ರಿಂದ ಭಾಗಿಸಿ. 1985ರಿಂದ ಬಳಕೆಯಲ್ಲಿರುವ ಈ ಸೂತ್ರದ ಹೆಸರು ಹೋಮಾ-ಐಆರ್. ಇಬ್ಬರಿಗೂ ಸಕ್ಕರೆ 96 ಇದೆ, ಒಬ್ಬರ ಇನ್ಸುಲಿನ್ 5, ಇನ್ನೊಬ್ಬರದು 18 ಎಂದುಕೊಳ್ಳೋಣ. ಮೊದಲನೆಯವರಿಗೆ ಬರುವುದು ಸುಮಾರು 1.2, ಎರಡನೆಯವರಿಗೆ ಸುಮಾರು 4.3. ಈ ಅಂಕಿ ಹೆಚ್ಚಿದಷ್ಟೂ ಪ್ರತಿರೋಧ ಹೆಚ್ಚು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಇನ್ಸುಲಿನ್ ಅಳತೆ ವ್ಯತ್ಯಾಸವಾಗುವುದರಿಂದ ಎಲ್ಲರೂ ಒಪ್ಪಿದ ಒಂದೇ ಮಿತಿ ಇದಕ್ಕಿಲ್ಲ. ಇನ್ಸುಲಿನ್ ಚುಚ್ಚುಮದ್ದು ಪಡೆಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಬೇರೆ ಹಾರ್ಮೋನುಗಳ ಸುಳಿವನ್ನೂ ಬಿಡಬೇಡಿ. ಒತ್ತಡದ ಹಾರ್ಮೋನು ಎನ್ನಲಾಗುವ ಕಾರ್ಟಿಸಾಲ್ ಇನ್ಸುಲಿನ್‌ಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಸ್ಟಿರಾಯ್ಡ್ ಮಾತ್ರೆಗಳೂ ಅದೇ ಪರಿಣಾಮ ಬೀರುವುದರಿಂದ ಅವುಗಳನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ಹೇಳಿ. ಕುತ್ತಿಗೆಯ ಹಿಂಭಾಗದ ಅಥವಾ ಕಂಕುಳಿನ ಚರ್ಮ ಕಪ್ಪಾಗಿ, ದಪ್ಪಗೆ, ಮಖಮಲ್ಲಿನಂತಾಗಿದ್ದರೆ ಅದನ್ನು ಕೊಳೆಯೆಂದು ಉಜ್ಜಬೇಡಿ, ಅದು ಹೆಚ್ಚಿದ ಇನ್ಸುಲಿನ್ನಿನ ಗುರುತಾಗಿರಬಹುದು. ಮಹಿಳೆಯರಲ್ಲಿ ಮುಟ್ಟು ಏರುಪೇರಾಗಿ ಮುಖದ ಮೇಲೆ ಕೂದಲು ಹೆಚ್ಚುತ್ತಿದ್ದರೆ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರಿನ ತೊಂದರೆ) ಇದೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ಅಧಿಕ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ.

ಮುಂದೇನು ಮಾಡಬೇಕು ಎಂಬುದಕ್ಕೆ ಉತ್ತರ ಸ್ನಾಯುಗಳಲ್ಲಿದೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು, ಹೀಗಾಗಿ ಊಟದ ನಂತರದ ನಡಿಗೆ ಅಂದೇ ಫಲ ಕೊಡುತ್ತದೆ. ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ತೂಕವನ್ನು ಶೇ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವ ಗುರಿ ಹೊಂದಿದ್ದ ಗುಂಪಿನಲ್ಲಿ ಮಧುಮೇಹ ಬರುವ ಸಂಭವ ಶೇ 58ರಷ್ಟು ತಗ್ಗಿತ್ತು. ನಿದ್ದೆಯನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಿ. ಕೆಲವೇ ರಾತ್ರಿ ನಿದ್ದೆಗೆಟ್ಟರೂ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು ಕುಗ್ಗುತ್ತದೆ. ಮರುಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ, ಅಷ್ಟೇ ಹೊತ್ತು ಉಪವಾಸವಿದ್ದು ಮಾಡಿಸಿ, ಹಳೆಯ ಮತ್ತು ಹೊಸ ವರದಿಗಳೆರಡನ್ನೂ ಸೊಂಟದ ಅಳತೆಯ ಜೊತೆಗೆ ವೈದ್ಯರ ಮುಂದಿಡಿ.