ಟಿಕೆಟ್ ನನ್ನದು, ಓದಿದ್ದು ಯಂತ್ರ

ಬೇರೊಂದು ಕಂಪನಿಯ ಸಂದರ್ಶನಕ್ಕೆಂದು ಗುಟ್ಟಾಗಿ ವಿಮಾನದ ಟಿಕೆಟ್ ಕಾದಿರಿಸಿದ್ದೆ. ಮರುದಿನ ಸಭೆಯಲ್ಲಿ ನನ್ನ ಲ್ಯಾಪ್‌ಟಾಪಿನ ಕ್ಯಾಲೆಂಡರನ್ನು ದೊಡ್ಡ ಪರದೆಯ ಮೇಲೆ ತೆರೆದರೆ, ಮಂಗಳವಾರದ ಚೌಕದಲ್ಲಿ ವಿಮಾನದ ಸಂಖ್ಯೆ, ಹೊರಡುವ ವೇಳೆ, ಇಳಿಯುವ ಊರು ಎಲ್ಲವೂ ಅಚ್ಚುಕಟ್ಟಾಗಿ ಕುಳಿತಿದ್ದವು. ಟಿಕೆಟ್ಟಿನ ಮೇಲ್ ಓದಿ ಜಿಮೇಲಿನ ಯಂತ್ರವೇ ಬರೆದಿಟ್ಟಿತ್ತು. ಅದೇ ಮಂಗಳವಾರಕ್ಕೆ ನಾನು ಜ್ವರ ಬರಿಸಿಕೊಳ್ಳುವವನಿದ್ದೆ. ಮೇಲಧಿಕಾರಿ ಒಂದು ಮಾತೂ ಕೇಳಲಿಲ್ಲ, ಕೇಳಿದ್ದರೇ ಚೆನ್ನಾಗಿತ್ತು.

ನನ್ನ ಮೇಲ್ ಓದುವ ಕಣ್ಣುಗಳನ್ನು ಕಡಿಮೆ ಮಾಡಲು ಅಂದು ಸಂಜೆ ಕುಳಿತು ಮಾಡಿದ ಕೆಲಸವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಯಂತ್ರ ಓದುವುದನ್ನು ಪೂರ್ತಿ ತಡೆಯಲು ಹೋಗಬೇಡಿ. ಸ್ಪ್ಯಾಮ್, ಮೋಸದ ಲಿಂಕ್, ವೈರಸ್ ಹಿಡಿಯಬೇಕಾದರೆ ಅದು ಒಳಗೆ ಇಣುಕಲೇಬೇಕು. ಜಾಹೀರಾತಿನ ಕಥೆ ಬೇರೆ. 2004ರಲ್ಲಿ ಶುರುವಾದ ಜಿಮೇಲ್, ಪತ್ರದ ಒಕ್ಕಣೆ ನೋಡಿ ಪಕ್ಕದಲ್ಲಿ ಜಾಹೀರಾತು ಹಾಕುತ್ತಿತ್ತು. ಅದನ್ನು ಬಿಡುವುದಾಗಿ ಗೂಗಲ್ ಹೇಳಿದ್ದು 2017ರಲ್ಲಿ. ಆದರೆ ವಾಕ್ಯ ಪೂರ್ತಿ ಮಾಡಿಕೊಡುವುದು, ಟಿಕೆಟ್ ಗುರುತಿಸುವುದು ಇಂಥ ಸೇವೆಗಳಿಗಾಗಿ ಓದು ಸಾಗಿಯೇ ಇದೆ.

ಜಿಮೇಲ್ ಬಳಸುವವರು ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು, ಜನರಲ್ ವಿಭಾಗದಲ್ಲಿ ‘ಸ್ಮಾರ್ಟ್ ಫೀಚರ್ಸ್’ ಸಿಗುವವರೆಗೆ ಕೆಳಗೆ ಇಳಿಯಿರಿ. ಅಲ್ಲಿರುವ ಗುರುತು ತೆಗೆಯಿರಿ. ವರ್ಕ್‌ಸ್ಪೇಸ್ (ಜಿಮೇಲ್, ಕ್ಯಾಲೆಂಡರ್, ಡ್ರೈವ್ ಮುಂತಾದವುಗಳ ಗುಂಪು) ಮತ್ತು ಇತರ ಗೂಗಲ್ ಸೇವೆಗಳಿಗೆ ಸಂಬಂಧಿಸಿದ್ದು ಬೇರೆಯಾಗಿಯೇ ಇದೆ, ಅದನ್ನೂ ನೋಡಿ. ಪ್ರಚಾರದ ಮೇಲ್‌ಗಳನ್ನು ಬೇರೆ ಮಾಡಿ ತೋರಿಸುತ್ತಿದ್ದ ಟ್ಯಾಬ್‌ಗಳು ಇದರಿಂದ ಮಾಯವಾಗುತ್ತವೆ. ನನಗೆ ಎರಡು ದಿನ ಕಿರಿಕಿರಿಯಾಯಿತು, ಆಮೇಲೆ ಮರೆತೇ ಹೋಯಿತು.

ನಿಜವಾಗಿ ಬೆವರಿದ್ದು ಇನ್ನೊಂದು ಕಡೆ. ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ, ನೀವು ಒಪ್ಪಿಗೆ ಕೊಟ್ಟ ಹೊರಗಿನ ಆ್ಯಪ್‌ಗಳ ಪಟ್ಟಿ ಇರುತ್ತದೆ. ನನ್ನ ಪಟ್ಟಿಯಲ್ಲಿ ಸುದ್ದಿಪತ್ರಗಳ ಚಂದಾ ರದ್ದು ಮಾಡಲು ಎಂದೋ ಒಮ್ಮೆ ಬಳಸಿದ್ದ ಆ್ಯಪ್ ಒಂದಿತ್ತು. ಅದರ ಹೆಸರು ಒತ್ತಿದರೆ: ಎಲ್ಲ ಮೇಲ್‌ಗಳನ್ನು ಓದುವ, ಬರೆಯುವ, ಕಳುಹಿಸುವ, ಶಾಶ್ವತವಾಗಿ ಅಳಿಸುವ ಅನುಮತಿ! ಮೊಬೈಲಿನಿಂದ ಅದನ್ನು ಅಳಿಸಿ ವರ್ಷಗಳೇ ಆಗಿದ್ದವು, ಅನುಮತಿ ಮಾತ್ರ ಜೀವಂತ. ಆ್ಯಪ್ ತೆಗೆದರೆ ಬೀಗದ ಕೈ ತಾನಾಗಿ ವಾಪಸು ಬರುವುದಿಲ್ಲ. ಮೇಲ್ ಓದುವ ಅನುಮತಿ ಇರುವ ಪ್ರತಿಯೊಂದನ್ನೂ ತೆರೆದು ನೋಡಿ, ಗುರುತು ಹತ್ತದಿದ್ದರೆ ತೆಗೆದುಹಾಕಿ.

ಜಿಮೇಲ್ ಬಿಟ್ಟು ಪ್ರೋಟಾನ್, ಟುಟಾದಂಥ ಗುಟ್ಟು ಕಾಯುವ ಮೇಲ್ ಸೇವೆಗಳಿಗೆ ಹೋಗಬಹುದೇ? ಹೋಗಬಹುದು. ಅಲ್ಲಿ ಪತ್ರದ ಒಡಲು ಬೀಗ ಹಾಕಿಕೊಂಡೇ ಶೇಖರವಾಗುತ್ತದೆ, ಕೀಲಿ ಕಂಪನಿಯ ಕೈಯಲ್ಲಿರುವುದಿಲ್ಲ. ಪ್ರೋಟಾನ್‌ನಲ್ಲಿ ವಿಷಯದ ಸಾಲಿಗೆ ಮಾತ್ರ ಈ ರಕ್ಷಣೆ ಇಲ್ಲ. ಗುಟ್ಟನ್ನು ಆ ಸಾಲಿನಲ್ಲಿ ಬರೆಯಬೇಡಿ. ಇನ್ನು, ನೀವು ಮಾಮೂಲಿ ಸೇವೆಯಲ್ಲಿರುವ ಅಣ್ಣನಿಗೆ ಸಾದಾ ಪತ್ರ ಬರೆದರೆ ಅದರ ಪ್ರತಿ ಅವನ ಪೆಟ್ಟಿಗೆಯಲ್ಲಿ ತೆರೆದುಕೊಂಡೇ ಇರುತ್ತದೆ. ಹೊರಗಿನವರಿಗೆ ಪಾಸ್‌ವರ್ಡ್ ಹಾಕಿ ಕಳುಹಿಸುವ ಸೌಲಭ್ಯವೂ ಇದೆ, ಬಳಸಿ.

ನಾನು ಖಾತೆ ಬದಲಿಸಲಿಲ್ಲ, ಸೋಮಾರಿತನ. ವೈದ್ಯಕೀಯ ವರದಿ, ಬ್ಯಾಂಕ್ ಕಾಗದಗಳನ್ನು 7-ಜಿಪ್ ಎಂಬ, ಕಡತಗಳನ್ನು ಒಂದೇ ಕಟ್ಟಾಗಿಸುವ ತಂತ್ರಾಂಶದಲ್ಲಿ ಕಟ್ಟಿ, ಪಾಸ್‌ವರ್ಡ್ ಹಾಕಿ ಕಳುಹಿಸುತ್ತೇನೆ. ಕಟ್ಟುವಾಗ 7ಜೆಡ್ (.7z) ಮಾದರಿಯನ್ನೇ ಆರಿಸಿ. ಕಡತದ ಹೆಸರುಗಳನ್ನೂ ಮರೆಮಾಡುವ ಚೌಕ ಅಲ್ಲಿದೆ, ಆದರೆ ಹಾಗೆ ಕಟ್ಟಿದ್ದನ್ನು ಜಿಮೇಲ್ ತಡೆಯುತ್ತದೆ. ಹಾಗಾಗಿ ಕಟ್ಟುವ ಮೊದಲೇ ಕಡತಗಳಿಗೆ ಗುಟ್ಟು ಬಿಟ್ಟುಕೊಡದ ಹೆಸರು ಇಡಿ. ಇಲ್ಲದಿದ್ದರೆ ಒಳಗಿನ ವರದಿ ಕಾಣದಿದ್ದರೂ ಅದು ಯಾವ ಕಾಯಿಲೆಯದು ಎಂಬುದನ್ನು ಹೆಸರೇ ಹೇಳಿಬಿಡುತ್ತದೆ. ಪಾಸ್‌ವರ್ಡನ್ನು ಮುಂದಿನ ಮೇಲ್‌ನಲ್ಲೇ ಕಳುಹಿಸುವ ಪುಣ್ಯಾತ್ಮರಿದ್ದಾರೆ. ಫೋನ್ ಮಾಡಿ ಹೇಳಿ.