‘ಒರಿಜಿನಲ್’ ಕೇಳಬೇಡಿ, ಪಾರ್ಟ್ ನಂಬರ್ ಕೇಳಿ: ಯುಎಇಯಲ್ಲಿ ಹಳೇ ಕಾರು ಇಟ್ಟುಕೊಂಡ ನಮ್ಮ ಕಾಸರಗೋಡಿನವರಿಗೆ

ಕಳೆದ ತಿಂಗಳು ನೀರ್ಚಾಲಿನ ಒಬ್ಬ ಹುಡುಗ ಶಾರ್ಜಾದಿಂದ ಫೋನ್ ಮಾಡಿದ. “ಅಣ್ಣಾ, ಹೊಸ ಕಂಪ್ರೆಸರ್ ಹಾಕಿಸಿ ಎರಡು ತಿಂಗಳಾಗಲಿಲ್ಲ. ಏಸಿ ಪುನಃ ಬಿಸಿಗಾಳಿ ಬಿಡ್ತಾ ಉಂಟು.” ಬಿಲ್ ಉಂಟಾ ಅಂತ ಕೇಳಿದೆ. ಇಲ್ಲ. ಬಾಕ್ಸ್? ಅದೂ ಇಲ್ಲ. “ಒರಿಜಿನಲ್ ಅಂತ ಹೇಳಿದ್ರಲ್ಲ ಅಣ್ಣಾ” ಅಂದ. ಕೇಳಿ ಸಂಕಟವಾಯಿತು. 2019ರ ಜುಲೈಯಲ್ಲಿ, ನಾನು ಅಲ್ಲಿದ್ದಾಗ, ಅದೇ ಮಾತು ನಂಬಿ ನಾನೂ ದುಡ್ಡು ಕಳೆದುಕೊಂಡಿದ್ದೆ.

ನಾನು ಈಗ ಬದಿಯಡ್ಕದಲ್ಲೇ ಇದ್ದೇನೆ. ಮಂಜೇಶ್ವರ, ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯಿಂದ ಹುಡುಗರು ಯುಎಇಗೆ ಹೋಗುತ್ತಲೇ ಇರುತ್ತಾರೆ. ಲೈಸೆನ್ಸ್ ಸಿಕ್ಕಿದ ಕೂಡಲೇ ಒಂದು ಹಳೇ ಕಾರು ತೆಗೆದುಕೊಳ್ಳುತ್ತಾರೆ. ಲೈಸೆನ್ಸ್, ಸಾಲಿಕ್ (ದುಬೈಯ ರಸ್ತೆ ಟೋಲ್), ಪಾರ್ಕಿಂಗ್ ವಿಷಯವೆಲ್ಲ ರೂಮಿನವರೇ ಹೇಳಿಕೊಡುತ್ತಾರೆ. ಸ್ಪೇರ್ ಪಾರ್ಟ್ಸ್ ವಿಷಯ ಮಾತ್ರ ಕೈಸುಟ್ಟುಕೊಂಡ ಮೇಲೆಯೇ ಗೊತ್ತಾಗುವುದು.

ನಮ್ಮಲ್ಲಿ ಪಾರ್ಟ್ ಅಂದ್ರೆ ಎರಡೇ ಜಾತಿ: ಕಂಪೆನಿದು, ಇಲ್ಲಾಂದ್ರೆ ಡೂಪ್ಲಿಕೇಟ್. ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕಾರು ಕಂಪೆನಿಯ ಹೆಸರಿನ ಬಾಕ್ಸಿನಲ್ಲಿ ಬರುವುದು ಏಜೆನ್ಸಿ ಪಾರ್ಟ್ (ಏಜೆನ್ಸಿ ಅಂದ್ರೆ ಅಲ್ಲಿ ಕಂಪೆನಿಯ ಅಧಿಕೃತ ಡೀಲರ್). ಅದನ್ನು ತಯಾರಿಸಿದವರು ಹೆಚ್ಚಾಗಿ ಬೇರೆಯವರೇ. ಡೆನ್ಸೊ, ಐಸಿನ್, ಬಾಷ್, ವ್ಯಾಲಿಯೊ ಥರದವರು ಕಾರು ಕಂಪೆನಿಗೂ ಪಾರ್ಟ್ ಕೊಡುತ್ತಾರೆ, ತಮ್ಮ ಬಾಕ್ಸಿನಲ್ಲೂ ಮಾರುತ್ತಾರೆ. ಈ ಎರಡನೇದಕ್ಕೆ ಓಇಎಂ ಅನ್ನುತ್ತಾರೆ, ರೇಟ್ ಏಜೆನ್ಸಿಗಿಂತ ಕಡಿಮೆ. ಕಾರು ಕಂಪೆನಿಗೆ ಸಂಬಂಧವೇ ಇಲ್ಲದವರು ಅದೇ ಅಳತೆಗೆ ಮಾಡಿದ್ದು ಆಫ್ಟರ್‌ಮಾರ್ಕೆಟ್. ಅಲ್ಲಿನ ಅಂಗಡಿಯಲ್ಲಿ ಅದಕ್ಕೆ ಕಮರ್ಷಿಯಲ್ ಅನ್ನುತ್ತಾರೆ, ಅರಬ್ಬಿಯಲ್ಲಿ ತಿಜಾರಿ. ಬಂಪರ್, ಹೆಡ್‌ಲೈಟ್ ಆದರೆ ಸುಮ್ನೆ “ತೈವಾನ್” ಅಂದುಬಿಡುತ್ತಾರೆ. ಇದು ಕಾನೂನುಬದ್ಧ ಮಾಲು, ಒಳ್ಳೆಯದೂ ಇರುತ್ತದೆ, ಕಳಪೆಯೂ ಇರುತ್ತದೆ. ಡೂಪ್ಲಿಕೇಟ್ ಅಂದ್ರೆ ಬೇರೆಯವರ ಹೆಸರು, ಬಾಕ್ಸ್ ಕದ್ದು ಮಾಡಿದ್ದು. ಅದು ಮೋಸ. ಕಮರ್ಷಿಯಲ್ಲನ್ನೂ ಡೂಪ್ಲಿಕೇಟನ್ನೂ ಒಂದೇ ಅಂತ ತಿಳಿಯಬೇಡಿ.

ಇನ್ನು ಉಳಿದದ್ದು ಯೂಸ್ಡ್. ಗುಜರಿಗೆ ಹೋದ ಕಾರಿನಿಂದ ಬಿಚ್ಚಿ ತೆಗೆದದ್ದು. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇದರದ್ದೇ ದೊಡ್ಡ ಪೇಟೆ ಇದೆ. ನಾನು ಬಿದ್ದ ಗುಂಡಿ ಇಲ್ಲೇ ಇರುವುದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಏಸಿ ಕಂಪ್ರೆಸರ್ ಹೋಗಿತ್ತು. ಏಜೆನ್ಸಿಯಲ್ಲಿ 1,900 ದಿರ್ಹಮ್ ಅಂದರು. ಗ್ಯಾರೇಜಿನವನು ಒಂದು ಅಂಗಡಿ ತೋರಿಸಿದ. ಅಲ್ಲಿ ಕೂತವರು ಮಲಯಾಳಂ ಮಾತಾಡಿದರು. ನಾನು ಕಾಸರಗೋಡು ಅಂದ ಕೂಡಲೇ ಕುರ್ಚಿ ಕೊಟ್ಟರು, ಸುಲೈಮಾನಿ ಚಹಾ ತರಿಸಿದರು. ಕಂಪ್ರೆಸರ್ ಒರಿಜಿನಲ್ಲಾ ಅಂತ ಕೇಳಿದೆ. “ಒರಿಜಿನಲ್ ತನ್ನೆ”, ಅಂದ್ರೆ ಒರಿಜಿನಲ್ಲೇ, ಅಂದರು. 650 ದಿರ್ಹಮ್. ಬಿಲ್ ಬೇಡಾಂದ್ರೆ ವ್ಯಾಟ್ ಬಿಟ್ಟುಕೊಡ್ತೇವೆ ಅಂದರು. 2018ರ ಜನವರಿಯಿಂದ ಅಲ್ಲಿ 5% ವ್ಯಾಟ್ ಬಂದಿದೆ. 32 ದಿರ್ಹಮ್ ಉಳಿಯಿತು ಅಂತ ನಾನೂ ಒಪ್ಪಿದೆ.

ಏಳನೇ ವಾರಕ್ಕೆ ಅದು ಕಟಕಟ ಸದ್ದು ಮಾಡಿ ನಿಂತಿತು. ಬಿಚ್ಚಿದ ಮೇಲೆ ಬೇರೊಬ್ಬ ಮೆಕ್ಯಾನಿಕ್ ಅದನ್ನು ಬೆಂಚಿನ ಮೇಲಿಟ್ಟು ನನಗೆ ತೋರಿಸಿದರು. ಮೈಮೇಲೆ ಬೆಳ್ಳಿ ಬಣ್ಣದ ಸ್ಪ್ರೇ, ಸ್ಟಿಕ್ಕರ್ ಹೊಸದು. ಆದರೆ ಬೋಲ್ಟ್ ಕೂರುವ ಕಿವಿಗಳಲ್ಲಿ ಬಣ್ಣದ ಕೆಳಗೆ ಹಳೇ ಬೋಲ್ಟ್ ಒತ್ತಿದ ದುಂಡಗಿನ ಗುರುತು. ಬೆಲ್ಟ್ ಓಡುವ ಪುಲ್ಲಿಯ ಗೀರುಗಳು ಸವೆದು ನುಣ್ಣಗಾಗಿದ್ದವು. ಏಳು ವಾರದಲ್ಲಿ ಅಷ್ಟು ಸವೆಯುವುದಿಲ್ಲ ಅಂದರು ಅವರು. ಪೈಪಿನ ಬಾಯಿಗೆ ಬೆರಳು ಹಾಕಿ ತೆಗೆದರೆ ಕಪ್ಪು ಎಣ್ಣೆ, ಅದರೊಳಗೆ ಲೋಹದ ಪುಡಿ ಮಿಣಮಿಣ ಅನ್ನುತ್ತಿತ್ತು.

ಆ ಪುಡಿಯೇ ನಿಜವಾದ ನಷ್ಟ. ಕಂಪ್ರೆಸರ್ ಒಳಗೆ ಸವೆದು ಹೋದರೆ ಪುಡಿ ಕಂಡೆನ್ಸರಿಗೆ, ಎಕ್ಸ್‌ಪಾನ್ಷನ್ ವಾಲ್ವಿಗೆ ಹೋಗಿ ಕೂರುತ್ತದೆ. ಅದನ್ನು ಬಿಟ್ಟು ಬರೀ ಕಂಪ್ರೆಸರ್ ಬದಲಿಸಿದರೆ ಹೊಸದೂ ಹಾಳಾಗುತ್ತದೆ. ಕೊನೆಗೆ ಕಂಡೆನ್ಸರ್, ವಾಲ್ವ್, ಡ್ರೈಯರ್, ಗ್ಯಾಸ್, ಕೂಲಿ, ಮತ್ತೊಂದು ಕಂಪ್ರೆಸರ್ ಎಲ್ಲ ಸೇರಿ 2,700 ದಿರ್ಹಮ್ ಆಯಿತು. ಮೊದಲಿನ 650 ಬೇರೆ. ಅದೂ ಜುಲೈ ತಿಂಗಳು, 45 ಡಿಗ್ರಿ ಬಿಸಿಲು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗಳನ್ನು ಕೂರಿಸಿಕೊಂಡು ಒದ್ದೆ ಟವೆಲಿನಲ್ಲಿ ಮುಖ ಒರೆಸುತ್ತಾ ಮನೆಗೆ ಬಂದ ದಿನ ಇನ್ನೂ ಮರೆತಿಲ್ಲ.

ಅಂಗಡಿಗೆ ವಾಪಸ್ ಹೋಗಿ ಕೇಳಿದೆ. “ಯೂಸ್ಡ್ ಒರಿಜಿನಲ್ ಅಲ್ವಾ ಅದು? ಹೊಸದು ಅಂತ ಯಾರು ಹೇಳಿದ್ರು?” ಅಂದರು. ಹೌದು, ಹೊಸದಾ ಅಂತ ನಾನು ಕೇಳಿರಲೇ ಇಲ್ಲ. ಆ ಪೇಟೆಯಲ್ಲಿ ಒರಿಜಿನಲ್ ಅಂದ್ರೆ ಕಾರಿನೊಟ್ಟಿಗೆ ಫ್ಯಾಕ್ಟರಿಯಿಂದ ಬಂದದ್ದು ಅಂತ ಅರ್ಥ. ಅದು ಹತ್ತು ವರ್ಷ ಓಡಿದ್ದರೂ ಒರಿಜಿನಲ್ಲೇ. ನಮ್ಮ ಕಿವಿಗೆ ಮಾತ್ರ ಅದು ಹೊಸದು ಅಂತ ಕೇಳುತ್ತದೆ. ಭಾಷೆ ಗೊತ್ತಿರುವ ಧೈರ್ಯದಲ್ಲಿ ನಾವು ಮುಂದಿನ ಪ್ರಶ್ನೆ ಕೇಳುವುದಿಲ್ಲ. ಬಿಲ್ ಇಲ್ಲದ್ದರಿಂದ ದೂರು ಕೊಡಲೂ ದಾರಿ ಇರಲಿಲ್ಲ. ಯುಎಇಯಲ್ಲಿ ಗ್ರಾಹಕರ ರಕ್ಷಣೆಗೆ ಕಾನೂನು ಇದೆ, 2020ರಲ್ಲಿ ಅದನ್ನು ಹೊಸದಾಗಿ ಮಾಡಿದ್ದಾರೆ. ಆದರೆ ಕೈಯಲ್ಲಿ ಕಾಗದ ಇಲ್ಲದವನಿಗೆ ಯಾವ ಕಾನೂನು ಏನು ಮಾಡೀತು?

ಹಾಗಾಗಿ ಹೀಗೆ ಮಾಡಿ. ಮುಲ್ಕಿಯಾದಲ್ಲಿ, ಅಂದ್ರೆ ಅಲ್ಲಿನ ಆರ್‌ಸಿ ಕಾರ್ಡಿನಲ್ಲಿ, ಚಾಸಿಸ್ ನಂಬರ್ ಇರುತ್ತದೆ. ಅದನ್ನು ಹಿಡಿದು ಮೊದಲು ಏಜೆನ್ಸಿಯ ಪಾರ್ಟ್ಸ್ ಕೌಂಟರಿಗೆ ಹೋಗಿ ಪಾರ್ಟ್ ನಂಬರ್, ರೇಟ್ ಎರಡನ್ನೂ ಕೇಳಿ. ಅಲ್ಲೇ ಕೊಳ್ಳಬೇಕಂತ ಏನಿಲ್ಲ. ಒಂದೇ ಮಾಡೆಲ್ ಆದರೂ ಗಲ್ಫಿಗೆ ಮಾಡಿದ ಕಾರು ಬೇರೆ, ಅಮೆರಿಕದಿಂದ ಆಮದಾದದ್ದು ಬೇರೆ, ರೇಡಿಯೇಟರೇ ಬೇರೆ ಇರಬಹುದು. ಆಮೇಲೆ ಹೊರಗಿನ ಅಂಗಡಿಯಲ್ಲಿ ಆ ನಂಬರ್ ಹೇಳಿ, ಹೊಸದಾ ಯೂಸ್ಡಾ, ಯಾರು ತಯಾರಿಸಿದ್ದು ಅಂತ ಕೇಳಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್, ಬ್ರ್ಯಾಂಡ್, “ನ್ಯೂ” ಅನ್ನುವ ಪದ, ವಾರಂಟಿ ಎಷ್ಟು ದಿನ, ಇಷ್ಟೂ ಬರೆಸಿ. ಬಿಲ್ಲಿನ ಮೇಲೆ ಅಂಗಡಿಯ 15 ಅಂಕೆಯ ಟಿಆರ್‌ಎನ್ (ವ್ಯಾಟ್ ನೋಂದಣಿ) ನಂಬರ್ ಇದೆಯಾ ನೋಡಿ. ಬರೆಯಲು ಒಪ್ಪದಿದ್ದರೆ ಚಹಾ ಕುಡಿದು ಎದ್ದು ಬನ್ನಿ.

ಯಾವುದಕ್ಕೆ ಯಾವುದು ಅಂತ ಕೇಳಿದರೆ ನನ್ನ ಅಭಿಪ್ರಾಯ ಇಷ್ಟೆ. ವೈಪರ್, ಏಸಿ ಫಿಲ್ಟರ್, ಬಲ್ಬ್, ಕನ್ನಡಿ, ಹಳೇ ಕಾರಿನ ಬಂಪರ್: ಕಮರ್ಷಿಯಲ್ ಸಾಕು. ಬ್ರೇಕ್, ಸ್ಟಿಯರಿಂಗ್, ಟೈಮಿಂಗ್ ಬೆಲ್ಟ್, ಕಂಪ್ರೆಸರ್: ಏಜೆನ್ಸಿ ಇಲ್ಲವೇ ಹೆಸರಿರುವ ಓಇಎಂ, ಎರಡೂ ಹೊಸದೇ ಆಗಬೇಕು. ಡೋರ್, ಬಾನೆಟ್ ಯೂಸ್ಡ್ ತೆಗೆದುಕೊಂಡರೂ ಪರವಾಗಿಲ್ಲ. ಏರ್‌ಬ್ಯಾಗ್ ಯೂಸ್ಡ್ ಬೇಡವೇ ಬೇಡ, ಎಷ್ಟು ಕಡಿಮೆಗೆ ಕೊಟ್ಟರೂ.

ಏಜೆನ್ಸಿಯವರೇ ಪರಮ ಸತ್ಯ ಅಂತಲೂ ನಾನು ಹೇಳುವುದಿಲ್ಲ. ನಮ್ಮ ದೇಶದಲ್ಲೇ 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಅಸಲಿ ಪಾರ್ಟ್ಸ್ ಹೊರಗಿನ ಮಾರುಕಟ್ಟೆಗೆ, ಸಣ್ಣ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡಿದ್ದಾರೆ ಅನ್ನುವುದು ಅದರ ತೀರ್ಮಾನ. ಆದರೆ ಊರಿನ ವ್ಯವಸ್ಥೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ: ಬಾಕ್ಸಿನ ಮೇಲೆ ಎಂಆರ್‌ಪಿ. ಕುಂಬಳೆಯಲ್ಲಿ ಕೊಂಡರೂ ಮಂಗಳೂರಿನಲ್ಲಿ ಕೊಂಡರೂ ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಯುಎಇಯಲ್ಲಿ ಎಂಆರ್‌ಪಿಯೇ ಇಲ್ಲ, ಮೂರು ಅಂಗಡಿ ಕೇಳಿದರೆ ಮೂರು ರೇಟ್. ಅವರ ವರ್ಷಾವರ್ಷದ ಟೆಸ್ಟ್ ಮಾತ್ರ ನಮಗಿಂತ ಎಷ್ಟೋ ಮೇಲು. ಮೂರು ವರ್ಷ ದಾಟಿದ ಕಾರು ಪ್ರತಿ ವರ್ಷ ಟೆಸ್ಟ್ ಪಾಸಾಗದೆ ಮುಲ್ಕಿಯಾ ರಿನ್ಯೂ ಆಗುವುದಿಲ್ಲ. ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ಯಾರೂ ಕೇಳುವವರಿಲ್ಲ. ಆದರೆ ಟೆಸ್ಟ್‌ನವರು ಬ್ರೇಕ್ ಹಿಡಿಯುತ್ತದಾ ಅಂತ ನೋಡುತ್ತಾರೆ, ಪ್ಯಾಡ್ ಯಾವ ಬ್ರ್ಯಾಂಡಿನದು ಅಂತ ಅಲ್ಲ.

ಇನ್ಶೂರೆನ್ಸ್ ಮಾಡಿಸುವಾಗ ಏಜೆನ್ಸಿ ರಿಪೇರಿಯಾ ಗ್ಯಾರೇಜ್ ರಿಪೇರಿಯಾ ಅಂತ ಓದಿ ನೋಡಿ. ಕಾರು ಹಳೆಯದಾದಂತೆ ಗ್ಯಾರೇಜ್ ರಿಪೇರಿಯೇ ಸಿಗುವುದು. ಆಗ ಯಾವ ಪಾರ್ಟ್ ಹಾಕುತ್ತಾರೆ ಅಂತ ಮೊದಲೇ ಕೇಳಿ. ಬಂಪರ್ ಸ್ವಲ್ಪ ಒರೆಸಿಕೊಂಡರೂ ಪೊಲೀಸ್ ರಿಪೋರ್ಟ್ ಬೇಕು, ಅದಿಲ್ಲದೆ ಗ್ಯಾರೇಜಿನವರು ಕೈ ಹಾಕುವ ಹಾಗಿಲ್ಲ. ಊರಿನಲ್ಲಿ ಮಾಡಿದ ಹಾಗೆ ಸಂಜೆಗೆ ತಟ್ಟಿಸಿ ಬಣ್ಣ ಹೊಡೆಸಲು ಹೋಗಬೇಡಿ.

ನೀರ್ಚಾಲಿನ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಮೊನ್ನೆ ವಾಟ್ಸಾಪಿನಲ್ಲಿ ಹೊಸ ಬಿಲ್ಲಿನ ಫೋಟೋ ಕಳಿಸಿದ್ದಾನೆ. ಪಾರ್ಟ್ ನಂಬರ್ ಸರಿ ಇದೆ, “ನ್ಯೂ” ಅಂತಲೂ ಬರೆದಿದೆ. ವಾರಂಟಿ ಎಷ್ಟು ದಿನ ಅಂತ ಬರೆಸಿಲ್ಲ. ನಾಳೆಯೇ ಹೋಗಿ ಬರೆಸಿಕೊಂಡು ಬಾ ಅಂದಿದ್ದೇನೆ.